ಕುಮೆಜಿಸಾನರ ಗಾಡಿಯ ಒಳದೀಪ

ಕುಮೆಜಿಸಾನರನ್ನು ನಾನು ಮೊದಲು ಕಂಡದ್ದು ಕಡಲಂಚಿನ ಗುಡ್ಡದ ಇಕ್ಕಟ್ಟು ದಾರಿಯಲ್ಲಿ. ಗಂಡ ಹೋದ ಮೇಲೆ ಕಿತ್ತಳೆ ವಿಂಗಡಿಸುವ ಶೆಡ್ಡಿಗೆ ಕೆಲಸಕ್ಕೆ ಸೇರಿದ್ದೆ. ಮುಸ್ಸಂಜೆ ಮನೆಗೆ ನಡೆದು ಬರುವಾಗ ಎದುರಿಗೆ ಒಂದು ಪುಟ್ಟ ಪಿಕಪ್ ಗಾಡಿ ಬಂದು ನಿಂತಿತು. ನಿಂತದ್ದೇ ದೀಪ ಆರಿತು.

“ಗಾಡಿ ಕೆಟ್ಟಿತಾ?” ಅಂದೆ.

“ಇಲ್ಲಮ್ಮ, ಬೆಳಕು ನಿಮ್ಮ ಕಣ್ಣಿಗೆ ಹೊಡೀಬಾರ್ದಲ್ಲ. ಹೋಗಿ, ಬೇಗ ಹೋಗಿ!”

ಬೆರಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿತ್ತು. ಕಾಯುವುದು ಅವರ ಕೈಲಿ ಆಗದ ಕೆಲಸ. ಆದರೂ ಯಾವಾಗಲೂ ಕಾಯುವವರು ಅವರೇ.

ನಮ್ಮ ದಾರಿಯಲ್ಲಿ ಎರಡು ಗಾಡಿ ಅಕ್ಕಪಕ್ಕ ಹೋಗಲಾರವು. ಅಲ್ಲಲ್ಲಿ ಬದಿಗೆ ಸರಿಯುವ ಜಾಗವಿದೆ. ಸರಿದು ನಿಂತವರು ದೀಪ ಆರಿಸಬೇಕು. ಉರಿಯುತ್ತಿದ್ದರೆ, ನಾನೇ ಬರುತ್ತೇನೆ, ನೀನು ಹಿಂದೆ ಹೋಗು ಅಂತ ಅರ್ಥ. ದಾಟಿದವರು ಹಿಂದಿನ ಸಿಗ್ನಲ್ ದೀಪಗಳನ್ನು ಒಟ್ಟಿಗೆ ಎರಡು ಸಲ ಮಿಣುಕಿಸಿ ಉಪಕಾರ ಹೇಳುತ್ತಾರೆ. ಕುಮೆಜಿಸಾನ್ ದಾರಿ ಬಿಟ್ಟ ಬೆಕ್ಕಿಗೂ ಮಿಣುಕಿಸುತ್ತಿದ್ದರು. ಮಂಡಿನೋವು ಹಿಡಿದ ಮುದುಕರ ಹಣ್ಣಿನ ಪೆಟ್ಟಿಗೆಗಳನ್ನೆಲ್ಲ ಶೆಡ್ಡಿಗೆ ತರುವವರು ಅವರು. ಸಂಜೆ ನನ್ನನ್ನೂ ಮನೆಗೆ ಬಿಡುತ್ತಿದ್ದರು.

ಹಳೆಯ ಗಾಡಿ ತುಕ್ಕು ತಿಂದು ಹೋಯಿತು. ಹೊಸದರ ದೀಪ ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ. ನಿಂತಾಗ ಆರಿಸಬೇಕಾದರೆ ಸ್ಟಿಯರಿಂಗ್ ಪಕ್ಕದ ಹಿಡಿಯ ತುದಿ ತಿರುಗಿಸಿ ಸ್ವಲ್ಪ ಹೊತ್ತು ಬಿಡದೆ ಹಿಡಿದಿರಬೇಕು. ಗ್ಯಾರೇಜಿನವನು ತೋರಿಸಿಕೊಟ್ಟಿದ್ದ. ಆದರೆ ಅಷ್ಟು ಹೊತ್ತು ಇವರ ಕೈ ನಿಲ್ಲಬೇಕಲ್ಲ! ತಿರುಗಿಸುವರು, ಬಿಡುವರು, ಮತ್ತೆ ತಿರುಗಿಸುವರು. ಒಮ್ಮೆ ವೈಪರ್ ಓಡಿತು. ಒಮ್ಮೆ ಬಲಗಡೆ ಸಿಗ್ನಲ್ ಬಿತ್ತು, ಕಡಲಿಗೆ ತಿರುಗುವವರ ಹಾಗೆ.

“ಹಿಡಕೊಂಡಿರಿ ಸ್ವಲ್ಪ.”

“ಹಿಡಕೊಂಡೇ ಇದೀನಲ್ಲ!” ಅನ್ನುವಷ್ಟರಲ್ಲಿ ಬಿಟ್ಟಾಗಿರುತ್ತಿತ್ತು.

ಒಂದು ಸಂಜೆ ಎದುರಿಗೆ ಮೀನು ಮಾರುವ ಹಾತ್ಸುನೆ ಬಂದಳು. ನಮ್ಮ ದೀಪ ಆರಲಿಲ್ಲ. ಅವಳು ಗಾಡಿ ಹಿಂದಕ್ಕೆ ತೆಗೆಯುತ್ತಾ ಹೋಗಿ ಚಕ್ರವನ್ನು ಚರಂಡಿಗೆ ಇಳಿಸಿದಳು.

“ಏನ್ ತಾತ, ಹೊಸ ಗಾಡಿ ಬಂತು ಅಂತ ದಾರಿನೂ ನಿಮ್ದೇ ಆಯ್ತಾ?”

ಕುಮೆಜಿಸಾನ್ ಬಾಗಿ ಬಾಗಿ ಕ್ಷಮೆ ಕೇಳಿದರು. ಚಕ್ರದಡಿ ಹಲಗೆ ಕೊಟ್ಟು ಮೂವರೂ ತಳ್ಳಿ ಚಕ್ರ ಮೇಲೆತ್ತಿದೆವು.

ಮರುದಿನ ಅವರು ಗಾಡಿ ತೆಗೆಯಲಿಲ್ಲ. ತುಂಬಿದ ಪೆಟ್ಟಿಗೆಗಳು ತೋಟದ ಬದಿಯಲ್ಲೇ ಉಳಿದವು. ಸಂಜೆ ಅವರ ಮನೆಗೆ ಹೋಗಿ ನೋಡಿದರೆ ಅಂಗಳದಲ್ಲಿ ಗಾಡಿಯೊಳಗೇ ಕೂತಿದ್ದಾರೆ, ಮೊಣಕಾಲು ಅಲ್ಲಾಡುತ್ತಿದೆ.

“ಲೈಸೆನ್ಸ್ ವಾಪಸ್ ಕೊಡ್ತೀನಿ, ಇತೊಸಾನ್. ದಾರಿ ಬಿಡೋಕೆ ಬಾರದವನು ಓಡಿಸಬಾರ್ದು.”

ಬಿದ್ದ ಬೀಗದ ಕೈ ಹುಡುಕಲು ಅವರು ಒಳಗಿನ ಚಾವಣಿ ದೀಪ ಹಾಕಿದರು. ಹೊರಗೆ ನಿಂತ ನನಗೆ ಅವರ ಮುಖವೆಲ್ಲ ಕಂಡಿತು, ಹುಬ್ಬಿನ ಬಿಳಿ ಕೂದಲೂ ಸೇರಿ.

“ನಿಂತಾಗ ಇದನ್ನ ಹಾಕೋಣ,” ಅಂದೆ. “ನೀವು ತಲೆ ಬಾಗಿಸಿ, ಎದುರಿನವರಿಗೆ ಕಂಡ್ರೆ ಸಾಕು.”

ಮತ್ತೆ ಹಾತ್ಸುನೆ ಎದುರಾದಾಗ ನಾನು ಚಾವಣಿಯ ಗುಂಡಿ ಒತ್ತಿದೆ, ಅವರು ಬಾಗಿದರು. ಅವಳು ಸ್ವಲ್ಪ ತಡೆದು ಮುಂದೆ ಬಂದಳು. “ಇದೇನ್ ತಾತ, ಒಳಗೇ ಅಂಗಡಿ ತೆಗೆದ್ರಾ?” ಎಂದು ನಕ್ಕು, ಎರಡು ಸಲ ಮಿಣುಕಿಸಿ ಹೋದಳು. ಅಂದಿನಿಂದ ಆ ಗುಂಡಿ ನನ್ನ ಪಾಲಿನ ಕೆಲಸವಾಯಿತು.

ಅವರು ತೀರಿಕೊಂಡದ್ದು ಕಳೆದ ಚಳಿಗಾಲ. ಅದರ ಹಿಂದಿನ ಸಂಜೆ ಪರವೂರಿನ ಗಾಡಿಯೊಂದು ಎದುರಾಯಿತು. ನಾನು ಒಳದೀಪ ಹಾಕಿದೆ. ಅವರು ಟೋಪಿ ತೆಗೆದು ಬಾಗಿದರು, ಮತ್ತೆ ಬಾಗಿದರು. ಆ ಗಾಡಿ ಅನುಮಾನಿಸುತ್ತಾ ಬಂತು, ದಾಟಿತು, ಮಿಣುಕಿಸದೆ ಹೋಯಿತು. ಕುಮೆಜಿಸಾನ್ ಗಾಡಿ ಮುಂದಕ್ಕೆ ಬಿಡಲಿಲ್ಲ. ಕನ್ನಡಿಯಲ್ಲಿ ನೋಡುತ್ತಲೇ ಇದ್ದರು.

“ಇತೊಸಾನ್, ನನ್ನ ಮುಖ ಅವನಿಗೆ ಕಂಡಿತಾ?”