ಹೊಟ್ಟೆಯುಬ್ಬಿದ ಹಾಡಿನ ಡಬ್ಬಿ

ಬೆಳಗಿನ ಐದೂವರೆ. ಅಮೀನಗಡದ ಕುರಿ ಸಂತೆಯಲ್ಲಿ ಟಗರಿನ ಹಲ್ಲು ನೋಡುವವರ, ರೇಟು ಕೂಗುವವರ ಗದ್ದಲ ಆಗಲೇ ಶುರುವಾಗಿದೆ. ಬೇವಿನ ಮರದ ಬುಡದಲ್ಲಿ ಸಣ್ಣ ಮೇಜು ಹಾಕಿಕೊಂಡು, ಸೆರಗಿನ ಮೇಲೆ ಹಣೆಗೊಂದು ಟಾರ್ಚು ಕಟ್ಟಿಕೊಂಡು ಖುಶನುಮಾ ಕೂತಿದ್ದಾರೆ. ಕೈಯಲ್ಲಿ ಅಂಗೈಯಗಲದ ಹಾಡಿನ ಡಬ್ಬಿ. ಅದರ ಸಂದಿಗೆ ಹಳೆಯ ಎಟಿಎಂ ಕಾರ್ಡು ತೂರಿಸಿ ಮುಚ್ಚಳ ಎಬ್ಬಿಸಲು ನೋಡುತ್ತಿದ್ದಾರೆ. ಮುಚ್ಚಳ ಜಪ್ಪಯ್ಯ ಅನ್ನುವುದಿಲ್ಲ. ಸುತ್ತಲೂ ಅಂಟು ಮೆತ್ತಿ ಕೂಡಿಸಿದ್ದಾರೆ.

“ಎರಡು ಸ್ಕ್ರೂ ಹಾಕಿದ್ರ ಇವರ ಗಂಟೇನು ಹೋಗ್ತಿತ್ರಿ?” ಎಂದು ಅವರು ಡಬ್ಬಿಯನ್ನೇ ಕೇಳುತ್ತಾರೆ. “ಬ್ಯಾಟರಿ ಸಾಯ್ತೈತಿ ಅಂತ ಮಾಡಿದವರಿಗೆ ಗೊತ್ತಿಲ್ಲೇನು? ಗೊತ್ತೈತಿ. ಅದಕ್ಕ ಅಂಟು ಹಚ್ಚ್ಯಾರ.”

ಇಳಕಲ್ಲಿನ ಖುಶನುಮಾಗೆ ನಲವತ್ತೊಂದು ವರ್ಷ. ವಾರದ ದಿನಗಳಲ್ಲಿ ಇಳಕಲ್ ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ನೇಕಾರರ ಡಬ್ಬಿಗಳಿಗೆ ಜೀವ ಕೊಡುತ್ತಾರೆ, ಸಂತೆಯ ದಿನ ಇಲ್ಲಿ ಕುರಿಗಾರರ ಡಬ್ಬಿಗಳಿಗೆ. ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಂಡ ಈ ಡಬ್ಬಿ ಮಗ್ಗದ ಗುಂಡಿಯಲ್ಲಿ ಕೂತವರಿಗೆ ಹೊತ್ತು ಕಳೆಯುವ ಸಂಗಾತಿ. ಅಡವಿಯಲ್ಲಿ ಕುರಿ ನಿಲ್ಲಿಸಿಕೊಂಡವರಿಗೆ ಅದು ಕಾವಲುಗಾರ: ಕುಲದೇವರು ಬೀರಪ್ಪನ ಡೊಳ್ಳಿನ ಪದ ಕೇಳುತ್ತಿದ್ದರೆ ಕುರಿಗಳು ಬೆದರುವುದಿಲ್ಲ, ತೋಳ ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಖುಶನುಮಾ ಎಂಬ ಹೆಸರು ಕುರಿಗಾರರ ನಾಲಿಗೆಗೆ ಹೊರಳದೆ ಎಂದೋ ಖುಶನವ್ವ ಆಗಿದೆ.

ಕೊನೆಗೂ ಮುಚ್ಚಳ ಏಳುತ್ತದೆ. ಬ್ಯಾಟರಿಯ ಎರಡು ವೈರುಗಳನ್ನು ಅವರು ಎಂದೂ ಒಟ್ಟಿಗೆ ಕತ್ತರಿಸುವುದಿಲ್ಲ. ಮೊದಲು ಕೆಂಪು, ಅದರ ತುದಿಗೆ ಟೇಪು, ಆಮೇಲೆ ಕರಿದು. ಎರಡೂ ಕತ್ತರಿಗೆ ಒಟ್ಟಿಗೆ ಸಿಕ್ಕರೆ ಕಿಡಿ ಹಾರುತ್ತದೆ. ಹೊಸ ಬ್ಯಾಟರಿಯನ್ನು ಮೀಟರಿಗೆ ಹಿಡಿದು ನೋಡಿ, ಚಹಾದಂಗಡಿಯಿಂದ ಎಳೆದ ಕರೆಂಟಿನಲ್ಲಿ ಕಾಯಿಸಿದ ಕಡ್ಡಿಯಿಂದ ಬೆಸುಗೆ ಹಾಕುತ್ತಾರೆ. ಹನ್ನೆರಡು ನಿಮಿಷದ ಕೆಲಸ, ಅದರಲ್ಲಿ ಎಂಟು ನಿಮಿಷ ಅಂಟಿನೊಂದಿಗಿನ ಜಗಳ.

ವಿದ್ಯೆ ತಂದೆಯದು. ಅಫ್ಜಲ ಸಾಹೇಬರ ರೇಡಿಯೋ ರಿಪೇರಿ ಎಂದರೆ ಒಂದು ಕಾಲಕ್ಕೆ ಇಳಕಲ್ಲಿನಲ್ಲಿ ಹೆಸರುವಾಸಿ. ಅವರ ಕಣ್ಣು ಮಂಜಾದ ಮೇಲೆ ಮಗಳು ಆ ಕುರ್ಚಿಯಲ್ಲಿ ಕೂತಳು. ಮೊದಲ ಎರಡು ವರ್ಷ ಗಿರಾಕಿಗಳು ಬಾಗಿಲಲ್ಲೇ ನಿಂತು, “ಮನ್ಯಾಗ ಗಂಡಸರಿಲ್ಲೇನು?” ಎಂದು ಕೇಳಿ ವಾಪಸು ಹೋಗುತ್ತಿದ್ದರು. ಖುಶನುಮಾ ಕೋಪ ಮೂಗಿನ ತುದಿಯಲ್ಲೇ ಇಟ್ಟುಕೊಂಡವರು, ಸುಮ್ಮನಿರುವ ಜಾತಿಯಲ್ಲ. “ಬಿಚ್ಚಿದ ಕೈ ಗಂಡಸಿಂದೋ ಹೆಂಗಸಿಂದೋ ರೇಡಿಯೋಕ್ಕ ಗೊತ್ತಾಗೂದಿಲ್ರಿ. ನಿಮಗ ಯಾಕ ಬೇಕು?” ಎಂದು ಕೇಳಿಯೇ ಬಿಡುತ್ತಿದ್ದರು.

ಆದರೆ ಈಗಿನ ಅವರ ಕೋಪ ಅಂಥದ್ದಲ್ಲ. ಅದಕ್ಕೊಂದು ತಾರೀಖು ಇದೆ, ಒಬ್ಬ ಮನುಷ್ಯನ ಬಲಗೈ ಇದೆ.

ಕಳೆದ ಬೇಸಿಗೆಯಲ್ಲಿ ಕುರಿಗಾರ ಮಾಳಪ್ಪ ಅಡವಿಯಿಂದ ಫೋನು ಮಾಡಿದ್ದರು. ಡಬ್ಬಿ ಹಾಡುತ್ತಿಲ್ಲ, ಹಿಂದಿನ ಮುಚ್ಚಳ ತಾನಾಗಿಯೇ ಎದ್ದುಬಿಟ್ಟಿದೆ, ಒಳಗಿನದು ದಪ್ಪಗಾಗಿದೆ ಎಂದರು. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಖುಶನುಮಾ ಅವಸರದಲ್ಲಿ, “ಹೊಟ್ಟಿ ಉಬ್ಬೈತ್ರಿ ಕಾಕಾ ಅದಕ್ಕ, ಸಂತಿಗೆ ತಗೊಂಡು ಬರ್ರಿ” ಎಂದು ಫೋನಿಟ್ಟರು. ರಿಪೇರಿಯವರೆಲ್ಲ ಆಡುವ ಮಾತೇ ಅದು. ಕೆಟ್ಟ ಬ್ಯಾಟರಿಯೊಳಗೆ ಗಾಳಿ ತುಂಬಿ ಅದು ಉಬ್ಬುತ್ತದೆ.

ಕುರಿಗಾರನ ಕಿವಿಗೆ ಆ ಮಾತು ಬೇರೆಯೇ. ಹಸಿ ಮೇವು ಹೆಚ್ಚಾಗಿ ಕುರಿಯ ಹೊಟ್ಟೆ ಉಬ್ಬಿದರೆ ಸಂತೆಯ ತನಕ ಕಾಯುತ್ತಾರೆಯೇ? ಗಳಿಗೆ ತಡವಾದರೂ ಕುರಿ ಸತ್ತಂತೆ. ಎಡಪಕ್ಕೆ ಸವರಿ, ಜಾಗ ಗುರುತಿಸಿ, ದಬ್ಬಣ ಇಳಿಸಿ ಗಾಳಿ ಬಿಡಬೇಕು. ಮಾಳಪ್ಪನವರದು ಅದರಲ್ಲಿ ಎತ್ತಿದ ಕೈ. ಮೂರು ಹಳ್ಳಿಯವರು ಕರೆಯಲು ಬರುತ್ತಿದ್ದರು. ಅವರು ಕಂಬಳಿಯ ಮೇಲೆ ಡಬ್ಬಿ ಮಲಗಿಸಿ, ಉಬ್ಬಿದ ಬ್ಯಾಟರಿಯನ್ನು ಎಡಗೈಯಿಂದ ಅಮುಕಿ ಹಿಡಿದು, ಬಲಗೈಯ ದಬ್ಬಣ ಇಳಿಸಿದರು.

ಬುಸ್ಸೆಂದು ಬಂದದ್ದು ಗಾಳಿಯಲ್ಲ, ಬೆಂಕಿ. ಬಲಗೈಯ ಹೆಬ್ಬೆರಳು, ತೋರುಬೆರಳು ಬೆಂದು ಒಂದಕ್ಕೊಂದು ಅಂಟಿಕೊಂಡವು. ಬಾಗಲಕೋಟೆಯ ದವಾಖಾನೆಯಲ್ಲಿ ಬಿಡಿಸಿದರು. ಬೆರಳು ಉಳಿದಿವೆ, ಮಡಚುವುದಿಲ್ಲ.

“ಗಾಳಿ ಬಿಟ್ರ ಬದುಕತೈತಿ ಅಂದ್ಕೊಂಡೆ ತಂಗಿ,” ಎಂದರಂತೆ ಮಾಳಪ್ಪ, ನೋಡಲು ಹೋದ ಖುಶನುಮಾಗೆ. ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ಹೇಳಿದರಂತೆ. ಅದನ್ನು ಹೇಳುವಾಗ ಖುಶನುಮಾರ ದನಿ ಏರುತ್ತದೆ. “ಅವರು ಯಾಕ್ರಿ ತಲಿ ತಗ್ಗಿಸಬೇಕು? ಮಾತು ಆಡಿದಾಕಿ ನಾನು. ಡಬ್ಬಿ ಮಾಡಿದಾವ ಇನ್ನೊಬ್ಬ. ಸುಟ್ಟದ್ದು ಮಾತ್ರ ಇವರ ಕೈ!”

ಸುಟ್ಟ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವರು ಬಾಗಲಕೋಟೆಗೆ ಹೋದರು, ಅಂಥ ಡಬ್ಬಿಗಳನ್ನು ಪೆಟ್ಟಿಗೆಗಟ್ಟಲೆ ತರಿಸಿ ಮಾರುವ ವ್ಯಾಪಾರಿಯ ಬಳಿಗೆ. ಆತ ಕೂತಲ್ಲಿಂದ ಏಳಲಿಲ್ಲ. ಚುಚ್ಚಬಾರದು ಅಂತ ಬರೆದಿದೆಯಲ್ಲ, ಓದಬೇಕಿತ್ತು ಎಂದ. ಎಲ್ಲಿ ಬರೆದಿದೆ ತೋರಿಸ್ರಿ ಎಂದರೆ ಹೊಸದೊಂದು ಡಬ್ಬಿ ತೆಗೆದು ತಿರುಗಿಸಿ ಮುರುಗಿಸಿ ನೋಡಿದ. ಹೊರಗೆಲ್ಲೂ ಇಲ್ಲ. ಖುಶನುಮಾ ಅವನ ಮುಂದೆಯೇ ಅದನ್ನು ಬಿಚ್ಚಿದರು. ಎಚ್ಚರಿಕೆ ಇತ್ತು, ಒಳಗೆ, ಬ್ಯಾಟರಿಯ ಮೈಮೇಲೆ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಅದರ ಮೊದಲ ಸಾಲೇ ‘ಬಿಚ್ಚಬೇಡಿ’. ಬಿಚ್ಚದೆ ಓದುವುದು ಹೇಗೆಂದು ಕೇಳಿದ್ದಕ್ಕೆ ಆತ, ಬಿಚ್ಚಿದ ಡಬ್ಬಿಯ ದುಡ್ಡು ಕೊಟ್ಟು ಹೋಗು ಎಂದ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಜನಕ್ಕೆ ಏನು ಹೇಳುವುದು? ಓದು ಬರದವನ ಕೈಗೆ ಬೆಂಕಿ ಕೊಟ್ಟು, ಓದಲಿಲ್ಲವೆಂದು ಅವನನ್ನೇ ಬೈಯುವುದು ವ್ಯಾಪಾರವಲ್ಲ, ದರೋಡೆ.

ಆ ದಿನದಿಂದ ಖುಶನುಮಾ ‘ಹೊಟ್ಟೆ ಉಬ್ಬಿದೆ’ ಎಂಬ ಮಾತನ್ನೇ ಬಿಟ್ಟಿದ್ದಾರೆ. ಈಗ ಅವರ ಮಾತು ಒಂದೇ: “ವಿಷ ಆಗೈತಿ. ಮುಟ್ಟಬ್ಯಾಡ್ರಿ, ಮರಳಿನಾಗ ಇಟ್ಟು ನನಗ ಫೋನ್ ಹಚ್ಚರಿ.” ಉಬ್ಬಿದ ಬ್ಯಾಟರಿ ತಂದ ಕುರಿಗಾರರಿಂದ ಕೂಲಿ ತೆಗೆದುಕೊಳ್ಳುವುದಿಲ್ಲ, ಕೂಲಿಗೆ ಹೆದರಿ ಅವರು ಅಡವಿಯಲ್ಲೇ ಏನಾದರೂ ಮಾಡಿಕೊಂಡಾರೆಂಬ ಭಯ. ಈ ಬೆಳಗ್ಗೆ ಎಂಟರೊಳಗೆ ಹತ್ತೊಂಬತ್ತು ಡಬ್ಬಿ ಬಂದಿವೆ. ಆರು ಉಬ್ಬಿದವು. ಅವುಗಳಲ್ಲಿ ಒಂದರ ಮೇಲೆ ದಬ್ಬಣದ ಮೊನೆ ಊರಿದ ಗುರುತಿದೆ. ತೂತು ಬಿದ್ದಿಲ್ಲ ಅಷ್ಟೆ. ತಂದ ಹುಲ್ಲಪ್ಪ ಎಂಬಾತನಿಗೆ ಇಪ್ಪತ್ತೆರಡು ವರ್ಷವೂ ಇಲ್ಲ. ಅವನನ್ನು ಖುಶನುಮಾ ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಬೈಯುತ್ತಾರೆ. ಬೈದು ಮುಗಿಸಿ ಬ್ಯಾಟರಿಯನ್ನು ಮರಳಿನ ಬಕೆಟ್ಟಿಗೆ ಇಳಿಸುತ್ತಾರೆ.

“ಇನ್ನ ಹತ್ತು ದಿನಕ್ಕ ಹಿಂಡೆಲ್ಲ ಮೇವು ಹುಡುಕ್ಕೊಂಡು ದೂರ ಹೋಗ್ತಾವ್ರಿ. ಫೋನ್ ಹತ್ತೂದಿಲ್ಲ. ಅಷ್ಟರಾಗ ಎಲ್ಲಾರಿಗೂ ಹೆಂಗ ಮುಟ್ಟಿಸಲಿ?”

ಮಾಳಪ್ಪ ಪಕ್ಕದಲ್ಲೇ ಕೂತಿದ್ದಾರೆ, ಬಲಗೈಯನ್ನು ಕಂಬಳಿಯೊಳಗೆ ಅಡಗಿಸಿಕೊಂಡು. ಪ್ರತಿ ಸಂತೆಗೂ ಬರುತ್ತಾರೆ. ಕುರಿಯ ಹೊಟ್ಟೆ ಉಬ್ಬಿತೆಂದು ಈಗ ಅವರನ್ನು ಯಾರೂ ಕರೆಯುವುದಿಲ್ಲ.

ಪತ್ರಿಕೆಗೆ ಚಿತ್ರ ಬೇಕು, ಡಬ್ಬಿ ಹಿಡಿದುಕೊಂಡು ಸ್ವಲ್ಪ ನಗಿ ಎಂದರೆ ಖುಶನುಮಾ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿಯುತ್ತಾರೆ.

“ನನ್ನ ಮಾರಿ ನೋಡಿ ಯಾರಿಗೆ ಏನಾಗಬೇಕಾಗೇತಿ? ನೀವು ಬರದದ್ದು ಓದಾಕ ಇವರಿಗೆ ಬರೂದಿಲ್ಲ. ಚಿತ್ರ ಎಲ್ಲಾರಿಗೂ ತಿಳೀತೈತಿ.” ಮಾಳಪ್ಪನ ಕಡೆ ತಿರುಗಿ ದನಿ ಇಳಿಸುತ್ತಾರೆ. “ಕಾಕಾ, ನಿಮ್ಮ ಇಷ್ಟ ಐತಿ ನೋಡ್ರಿ. ಬ್ಯಾಡಂದ್ರ ಬ್ಯಾಡ.”

ಮಾಳಪ್ಪ ಕಂಬಳಿ ಸರಿಸಿ, ಮಡಚದ ಆ ಎರಡು ಬೆರಳುಗಳನ್ನು ಬ್ಯಾಟರಿಗಳ ನಡುವೆ ಮೇಜಿನ ಮೇಲೆ ಇಡುತ್ತಾರೆ.

“ದೊಡ್ಡದಾಗಿ ಹಾಕ್ರಿ,” ಎನ್ನುತ್ತಾರೆ.

ಈ ಪುಟದಲ್ಲಿ ಖುಶನುಮಾ ಅವರ ಚಿತ್ರವಿಲ್ಲ. ಇರುವುದು ಆ ಕೈ.