ಗುಳ್ಳೆಯ ಕೆಳಗೆ ನೋಡಿದವರು

ಗೋಡೆಗೆ ಬಣ್ಣ ಬಳಿಯುವವರು ಬೇಕಾದಷ್ಟು ಜನ ಸಿಗುತ್ತಾರೆ; ಬಳಿದ ಬಣ್ಣ ಏಕೆ ಕೆಟ್ಟಿತೆಂದು ತಿಳಿದು ಹೇಳಬಲ್ಲವರು ಬೆರಳೆಣಿಕೆಯಷ್ಟು. ಹೆರಿಗೆ ಆಸ್ಪತ್ರೆಯ ನಿರ್ವಹಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಬಣ್ಣದ ಮೇಸ್ತ್ರಿಯವರು ಆ ವಿರಳರ ಸಾಲಿಗೆ ಸೇರಿದವರು. ಆಸ್ಪತ್ರೆಯಲ್ಲಿ ಅವರಿಗೆ ‘ಪುಕ್ಕಲು ಮೇಸ್ತ್ರಿ’ ಎಂಬ ಅಡ್ಡಹೆಸರಿದೆ. ಅಭಿನಂದನ ಗ್ರಂಥದಲ್ಲಿ ಇಂಥ ಮಾತೇ ಎಂದು ಮೂಗು ಮುರಿಯುವವರು ಮುರಿಯಲಿ; ಈ ಲೇಖನ ಬರೆಯುತ್ತಿರುವ ದಾದಿಗೆ ಅದಕ್ಕಿಂತ ದೊಡ್ಡ ಬಿರುದು ಗೊತ್ತಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೇನೂ ಪುಕ್ಕಲರಾಗಿರಲಿಲ್ಲ. ಕೈ ಬಲು ಚುರುಕು, ಮಾತು ಅದಕ್ಕಿಂತ ಚುರುಕು. ಗೋಡೆಯ ಮೇಲೆ ಬಿಳಿ ಉಪ್ಪು ಮೂಡಿದರೆ ನೀರು ಹಾಕಿ ತೊಳೆಯಬಾರದು, ಒಣ ಬ್ರಷ್ಷಿನಿಂದಲೇ ಉದುರಿಸಿ ತೇವದ ಮೂಲ ಹುಡುಕಬೇಕೆಂಬುದನ್ನೂ, ಕೈಗೆ ಪುಡಿ ಹತ್ತುವ ಗೋಡೆಗೆ ಮೊದಲು ಪ್ರೈಮರ್ ಕುಡಿಸಬೇಕೆಂಬುದನ್ನೂ ಅವರು ಕಂಡಕಂಡವರಿಗೆಲ್ಲ ಹೇಳಿಕೊಡುತ್ತಿದ್ದರು. ದಾದಿಯ ಬಾಡಿಗೆ ಮನೆಯಲ್ಲಿ ಬೀರುವಿನ ಹಿಂದೆ ಬೂಷ್ಟು ಹಿಡಿದು ಅತ್ತೆಗೆ ಕೆಮ್ಮು ಹತ್ತಿದಾಗ, ತಮ್ಮ ವಾರದ ರಜೆಯಲ್ಲಿ ಬಂದು ಬೀರುವನ್ನು ಗೋಡೆಯಿಂದ ಗೇಣುದ್ದ ಸರಿಸಿ, ಬ್ಲೀಚ್ ನೀರಿನಲ್ಲಿ ಒರೆಸಿ, ಎರಡು ದಿನ ಒಣಗಿಸಿದ ಮೇಲೆಯೇ ಬ್ರಷ್ ಮುಟ್ಟಿದರು. “ಸುಮ್ನೆ ಬಣ್ಣ ಹಚ್ಚಿದ್ರೆ ಬೂಷ್ಟಿಗೆ ಹೊಸ ಬಟ್ಟೆ ಹೊಲಿಸಿದ ಹಾಗೆ ಆಗುತ್ತಮ್ಮ” ಎಂದು ನಗಿಸಿದ್ದರು.

ಹದಿನೆಂಟು ವರ್ಷದ ಹಿಂದೆ ಆ ನಗೆ ನಿಂತಿತು. ಎಳೆಗೂಸುಗಳನ್ನು ಬೆಚ್ಚಗಿಡುವ ಕೋಣೆಯಲ್ಲಿ, ಸ್ವಿಚ್ ಬೋರ್ಡಿನ ಗೇಣು ಮೇಲೆ, ಅವರೇ ಬಳಿದ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆಯನ್ನು ಬ್ಲೇಡಿನಿಂದ ಸೀಳಿ ನೋಡುವುದು ಕಸುಬಿನ ಕ್ರಮ: ಒಳಗೆ ಹಳೆಯ ಬಣ್ಣ ಕಂಡರೆ ತಪ್ಪು ಕೈಯದು, ಬರೀ ಗಾರೆ ಕಂಡರೆ ತೇವ ಗೋಡೆಯೊಳಗಿನದು. ಮೊದಲ ಸಲ ಸೀಳಿದಾಗ ಹಳೆಯ ಬಣ್ಣವೇ ಕಂಡಿತು. ಮೊದಲ ಕೋಟು ಒಣಗುವ ಮುನ್ನ ಎರಡನೆಯದನ್ನು ಎಳೆದ ಅವಸರ ಅವರದೇ. ನಾಚಿಕೆಯಿಂದ ಕೆರೆದು, ಉಜ್ಜಿ, ಮತ್ತೆ ಬಳಿದರು. ಎರಡನೆಯ, ಮೂರನೆಯ ಸಲ ಗುಳ್ಳೆ ಎದ್ದಾಗ ಸೀಳಿ ನೋಡಲೇ ಇಲ್ಲ; ಯಾರ ಕಣ್ಣಿಗೂ ಬೀಳದಂತೆ ಕೆರೆದು ಮುಚ್ಚಿದರು.

ನಾಲ್ಕನೆಯ ಸಲ, ಗಣ್ಯರ ಭೇಟಿಯ ಹಿಂದಿನ ದಿನ ಬೆಳಿಗ್ಗೆ, ಅದೇಕೋ ಸೀಳಿದರು. ಒಳಗೆ ಬರೀ ಗಾರೆ. ಬೆರಳಿಟ್ಟರೆ ಬೆರಳು ಒದ್ದೆಯಾಯಿತು. ಕೆಳಗಿನ ಬೋರ್ಡಿನಿಂದಲೇ ಏಳು ಕೂಸುಗಳ ತೊಟ್ಟಿಲಿಗೆ ಬಿಸಿ ಹರಿಯುತ್ತಿತ್ತು. ಬಾಯಿ ಬಿಟ್ಟರೆ ಹಿಂದೆ ಮುಚ್ಚಿದ ಮೂರೂ ಗುಳ್ಳೆಗಳ ಸಂಗತಿ ಹೊರಬಿದ್ದು ಕೆಲಸ ಹೋಗುತ್ತದೆ. ಕೂಸುಗಳನ್ನು ಸಾಗಿಸಿ ಗೋಡೆಯೊಳಗೆ ಏನೂ ಇಲ್ಲದಿದ್ದರೆ, ಥಂಡಿಯಲ್ಲಿ ಒಂದಕ್ಕೆ ಹೆಚ್ಚುಕಡಿಮೆಯಾದರೆ? ಅವರು ಬಕೆಟ್ಟಿನ ಮೇಲೆಯೇ ಕುಳಿತು, ಕೊನೆಗೆ ವಿಭಾಗದ ಎಂಜಿನಿಯರನ್ನು ಕರೆಸಿದರು.

“ಹವೆಯ ತೇವ ಕಣ್ರೀ. ಕೆರೆದು ಒಂದು ಕೈ ಎಳೆದುಬಿಡಿ, ನಾಳೆ ಜನ ಬರ್ತಾರೆ” ಎಂದರು ಎಂಜಿನಿಯರು.

“ಸರ್, ನನಗೆ ಹೆದರಿಕೆ ಆಗ್ತಿದೆ.”

“ಬಣ್ಣ ಹಚ್ಚೋಕೆ ಅದೇನ್ರೀ ಹೆದರಿಕೆ?”

“ಮೊದಲು ಮಕ್ಕಳನ್ನ ಆಚೆ ಸಾಗಿಸಿ ಸರ್. ಒಳಗೆ ಏನೂ ಇಲ್ಲ ಅಂದ್ರೆ ನಾಳೆಯಿಂದ ನಾನು ಬರಲ್ಲ.”

ಆ ಕೋಣೆಯ ಹೊಣೆ ಅಂದು ಈ ದಾದಿಯದೇ. ಮೇಸ್ತ್ರಿಯವರ ಮುಖ ನೋಡಿದ ಮೇಲೆ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಏಳೂ ಕೂಸುಗಳನ್ನು ಒಂದೊಂದಾಗಿ ಎತ್ತಿ ತಾಯಂದಿರ ಎದೆಗೆ ಒತ್ತಿ ಕಂಬಳಿ ಹೊದಿಸಿದಳು. ಎಲೆಕ್ಟ್ರಿಷಿಯನ್ ಮೇನ್ ಆರಿಸಿ ಬೋರ್ಡ್ ಬಿಚ್ಚಿದ. ಗೋಡೆಯಾಚೆಯ ಸ್ನಾನದ ಕೋಣೆಯ ಪೈಪು ಜಿನುಗಿ ಬೋರ್ಡಿನ ಪೆಟ್ಟಿಗೆಯೊಳಗೆ ನೀರು ನಿಂತಿತ್ತು. ತಂತಿಗಳ ಹೊದಿಕೆ ಸುಟ್ಟು ಕರಕಲಾಗಿತ್ತು. ಅವನು ಆ ತಂತಿಯನ್ನು ಎಲ್ಲರ ಮುಂದೆ ಹಿಡಿದು ಕೇಳಿದ.

“ಈ ತೇವ ಇವತ್ತಿನದಲ್ಲ. ಇದನ್ನ ಬಣ್ಣ ಹಚ್ಚಿ ಮುಚ್ಚಿದ್ದು ಯಾರು?”

“ನಾನೇ,” ಎಂದರು ಮೇಸ್ತ್ರಿ. “ಮೂರು ಸಲ.”

ಕೆಲಸ ಹೋಗಲಿಲ್ಲ, ಆದರೆ ನಿದ್ದೆ ಹೋಯಿತು. ಅಂದಿನಿಂದ ಅವರು ತಾವು ಬಳಿದ ಒಂದೊಂದು ಕೋಣೆಯನ್ನೂ ಹುಡುಕಿಕೊಂಡು ಹೋಗಿ, ಕೂದಲೆಳೆಯಷ್ಟು ಬಿರುಕಿಗೂ ಗಾಬರಿಯಾಗಿ, ಸೀಳಿ ನೋಡದೆ ಯಾವ ಗುಳ್ಳೆಯನ್ನೂ ಮುಚ್ಚದೆ, ಎಲ್ಲರಿಂದ ಬೈಸಿಕೊಂಡರು. ಅಡ್ಡಹೆಸರು ಅಂಟಿಕೊಂಡಿದ್ದು ಆಗಲೇ. ಈ ಲೇಖನದಲ್ಲಿ ಆ ಮೂರು ಸಲದ ಸಂಗತಿ ಬಿಡೋಣವೇ ಎಂದು ಸಂಪಾದಕರು ಕೇಳಿದಾಗ, ಅದನ್ನು ಬಿಟ್ಟರೆ ತಮ್ಮ ಹೆಸರಿನ ಪುಸ್ತಕವೇ ಬೇಡವೆಂದರು.

ಮುಂದಿನ ತಿಂಗಳಿಂದ ಅವರು ಹೊಸ ಬಣ್ಣಗಾರರಿಗೆ ಪಾಠ ಹೇಳಲಿದ್ದಾರೆ. ಆ ಕೈಗಳಿಗೆ ಬಲವೂ ಆ ಜೀವಕ್ಕೆ ದೀರ್ಘ ಆಯುಸ್ಸೂ ಇರಲಿ. ಈಗಲೂ ಮೊಗಸಾಲೆಯಲ್ಲಿ ದಾದಿ ಎದುರಾದಾಗಲೆಲ್ಲ ಅವರು ತಡೆದು ನಿಲ್ಲಿಸಿ, “ಅಮ್ಮ, ಆ ಏಳು ಮಕ್ಕಳು ಹೇಗಿದ್ದಾರೆ?” ಎಂದು ಕೇಳುತ್ತಾರೆ. ಅವರೆಲ್ಲ ಯಾವ ಊರಿನಲ್ಲಿದ್ದಾರೋ ಅವಳಿಗೆ ಗೊತ್ತಿಲ್ಲ. “ಚೆನ್ನಾಗಿದ್ದಾರೆ ಮೇಸ್ತ್ರಿ” ಎನ್ನುತ್ತಾಳೆ. “ಏಳೂ ಜನಾನಾ?” ಎಂದು ಅವರು ಮತ್ತೆ ಕೇಳುತ್ತಾರೆ.