ವಿಮಾನದ ಹೊಟ್ಟೆ ಒರೆಸುವ ಅಕ್ಕ

ಬೆಳಗಿನ ಐದೂವರೆ. ಹಾರುವುದನ್ನು ಬಿಟ್ಟು ಇಪ್ಪತ್ತು ವರ್ಷವಾದ ಸೇನೆಯ ಸರಕು ವಿಮಾನವೊಂದರ ಹೊಟ್ಟೆಯೊಳಗೆ ಆಕೆ ಮಂಡಿಯೂರಿ ಕೂತಿದ್ದಾರೆ. ಹಣೆಯ ಮೇಲೆ ದೀಪ, ಮುಖಕ್ಕೆ ಗಾಳಿ ಸೋಸುವ ಎರಡು ಡಬ್ಬಿ ಸಿಕ್ಕಿಸಿದ ಮುಖಗವಸು, ಕೈಗೆ ಒಂದರ ಮೇಲೊಂದು ಎರಡು ಜೊತೆ ಗವಸು. ಗೋಡೆಯ ತಗಡಿಗೆ ಅಂಗೈಯಗಲದ ಚೌಕಟ್ಟೊಂದನ್ನು ಒತ್ತಿ ಹಿಡಿದು, ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಚೌಕಟ್ಟಿನ ಒಳಗಿನ ಜಾಗವನ್ನಷ್ಟೇ ಒರೆಸುತ್ತಾರೆ. ಅಡ್ಡಕ್ಕೆ ಮೂರು ಸಲ. ಬಟ್ಟೆ ಮಡಚಿ ಉದ್ದಕ್ಕೆ ಮೂರು ಸಲ. ಮತ್ತೆ ಮಡಚಿ, ಕಂದು ಗಾಜಿನ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, “ಏಳು. ಬಲಗೋಡೆ, ಮೊಣಕಾಲೆತ್ತರ” ಎನ್ನುತ್ತಾರೆ. ಬಾಗಿಲಾಚೆ ಕೂತ ಜೊತೆಗಾರ ಅದನ್ನು ಬರೆದುಕೊಳ್ಳುತ್ತಾನೆ.

ಬಿಸಿಲೇರುವುದರೊಳಗೆ ಹದಿನಾಲ್ಕು ಜಾಗ ಮುಗಿಯಬೇಕು. ಎಂಟು ಗಂಟೆಗೆಲ್ಲ ತಗಡು ಕಾದು, ಬಟ್ಟೆಯಲ್ಲಿನ ದ್ರಾವಣ ಗೋಡೆ ಮುಟ್ಟುವ ಮೊದಲೇ ಆವಿಯಾಗಿಬಿಡುತ್ತದೆ. “ಅವಸರ ಮಾಡಿದ್ರೆ ಕೈ ತಪ್ಪುತ್ತೆ, ನಿಧಾನ ಮಾಡಿದ್ರೆ ಬಿಸಿಲು ಬರುತ್ತೆ. ಅಡುಗೆ ಥರಾನೇ ಇದೂ, ಹದ ನೋಡ್ಕೊಂಡು ಮಾಡ್ಬೇಕು” ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಇದೇ ಅವರ ಕೆಲಸ. ಹಳೆ ವಿಮಾನಗಳ ಯಾರ್ಡಿನಲ್ಲಿ ಅವರಿಗೆ ‘ಒರೆಸೋ ಅಕ್ಕ’ ಎಂದೇ ಹೆಸರು. ಮನೆಯಲ್ಲಿ ಗಂಡನ ದೂರು ಬೇರೆ: “ಊರ ವಿಮಾನ ಎಲ್ಲ ಒರೆಸ್ಕೊಂಡು ಬರ್ತಾಳೆ, ಊಟದ ಮೇಜು ಮಾತ್ರ ನಾನೇ ಒರೆಸ್ಬೇಕು.” ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ.

ಒರೆಸುವುದೆಂದರೆ ಶುಚಿ ಮಾಡುವುದಲ್ಲ, ನೆನಪಿಡಿ. ಒಂದು ಕಾಲದಲ್ಲಿ ಈ ವಿಮಾನಗಳು ಹೊಟ್ಟೆಯೊಳಗೆ ದೊಡ್ಡ ತೊಟ್ಟಿ ಇಟ್ಟುಕೊಂಡು ಕಾಡಿನ ಮೇಲೆ ಗಿಡ ಒಣಗಿಸುವ ಔಷಧ, ಜೌಗಿನ ಮೇಲೆ ಸೊಳ್ಳೆ ಕೊಲ್ಲುವ ಔಷಧ ಸುರಿದವು. ಔಷಧ ಎನ್ನುವುದು ಕಾಗದದ ಮಾತು. ವಿಷ ಎನ್ನಲು ಯಾರಿಗೂ ನಾಲಗೆ ಬರುತ್ತಿರಲಿಲ್ಲ. ಆಮೇಲೆ ತೊಟ್ಟಿ ಕಿತ್ತು, ಒಳಗೆ ಬಣ್ಣ ಬಳಿದು, ಅದೇ ವಿಮಾನಗಳಲ್ಲಿ ಸಾಮಾನು, ಔಷಧಿ, ಗಾಯಾಳುಗಳನ್ನು ಸಾಗಿಸಿದರು. ಆ ಎರಡನೇ ಕಾಲದಲ್ಲಿ ಕೆಲಸ ಮಾಡಿದವರಿಗೆ ವಯಸ್ಸಾದ ಮೇಲೆ ಒಬ್ಬೊಬ್ಬರಿಗೇ ಕೈ ನಡುಗತೊಡಗಿತು, ರಕ್ತ ಕೆಟ್ಟಿತು. ಇದು ಕೆಲಸದಿಂದ ಬಂದ ಕಾಯಿಲೆ, ಪರಿಹಾರ ಕೊಡಿ ಎಂದು ಅವರು ಕೇಳಿಕೊಂಡರೆ, “ನೀವು ಸೇರುವ ಹೊತ್ತಿಗೆ ತೊಟ್ಟಿಯೇ ಇರಲಿಲ್ಲವಲ್ಲ” ಎಂದು ಪರಿಹಾರ ಮಂಡಳಿ ಬಾಗಿಲು ಹಾಕಿತು. ಯಾವ ವಿಮಾನದಲ್ಲಿ ದುಡಿದಿರೋ ಅದೇ ವಿಮಾನದೊಳಗೆ ವಿಷ ಉಳಿದಿದೆ ಎಂದು ತೋರಿಸಿ, ಆಮೇಲೆ ಮಾತಾಡೋಣ ಎನ್ನುವುದು ಅದರ ಷರತ್ತು. ಅದನ್ನು ತೋರಿಸುವ ಕೈ ಅಕ್ಕನದು. ಯಾರ್ಡಿನಲ್ಲಿದ್ದ ಹತ್ತೊಂಬತ್ತು ವಿಮಾನಗಳಲ್ಲಿ ಇವತ್ತಿನದು ಕೊನೆಯದು. ಮುಂದಿನ ತಿಂಗಳು ವಿಷ ಸಿಗದವೆಲ್ಲ ಗುಜರಿಗೆ.

ಆದರೆ ಅಕ್ಕನ ಮನಸ್ಸು ಇವತ್ತು ಈ ವಿಮಾನದಲ್ಲಿಲ್ಲ. ಆಚೆ ಸಾಲಿನಲ್ಲಿ, ಬಾಲದ ಮೇಲೆ ಅರವತ್ತೆರಡು ಎಂದು ಬರೆದ ವಿಮಾನ ನಿಂತಿದೆ. ಪ್ರಯೋಗಾಲಯದಿಂದ ಅದರ ಫಲಿತಾಂಶ ಮಧ್ಯಾಹ್ನ ಬರುವುದಿದೆ. ಅರವತ್ತೆರಡರಲ್ಲಿ ದುಡಿದವರಲ್ಲಿ ಇನ್ನೂ ಹನ್ನೊಂದು ಜನ ಬದುಕಿದ್ದಾರೆ. ಹನ್ನೆರಡನೆಯವರಾಗಿ ಇರಬೇಕಿದ್ದವರು ಅಕ್ಕನ ಅಪ್ಪ. ತೀರಿಕೊಂಡು ಒಂಬತ್ತು ವರ್ಷವಾಯಿತು.

ಅಪ್ಪ ಮೆಕ್ಯಾನಿಕ್. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ಮಗಳು ಓಡಿ ಹೋಗಿ ಆ ಖಾಕಿ ಅಂಗಿಗೆ ಮುಖ ಒತ್ತಿಬಿಡಬೇಕು. ಎಣ್ಣೆ, ಕಾದ ತಗಡು, ಅದರ ಹಿಂದೆ ಸಿಹಿ ಸಿಹಿಯಾದ ಇನ್ನೊಂದು ಏನೋ. “ಮೊದ್ಲು ಸ್ನಾನ ಮಾಡಿ, ಆಮೇಲೆ ಮಗೂನ ಎತ್ಕೊಳಿ” ಎಂದು ಅಮ್ಮ ಗದರುವುದು, “ಇರ್ಲಿ ಬಿಡೆ, ಹದಿನೈದು ದಿನ ಆಯ್ತು” ಎಂದು ಅಪ್ಪ ನಗುವುದು, ಇದು ಪ್ರತಿ ಸಲದ ಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪರೀಕ್ಷೆ ಇನ್ನೂ ಶುರುವಾಗದ ವಿಮಾನವೊಂದರ ಬಾಗಿಲು ತೆಗೆದಾಗ ಅದೇ ವಾಸನೆ ಬಂದು ಅಕ್ಕನ ಮುಖಕ್ಕೆ ಬಡಿಯಿತು. ಆಗಿನ್ನೂ ಮುಖಗವಸು ಹಾಕಿರಲಿಲ್ಲ.

“ಅಪ್ಪ ಆಗಿನ್ನೂ ಇದ್ರು, ಆಸ್ಪತ್ರೇಲಿದ್ರು. ಆದ್ರೆ ಅವ್ರ ಮೈಯಲ್ಲಿ ಬರೀ ಮಾತ್ರೆ ವಾಸನೆ. ನಮ್ಮಪ್ಪನ ವಾಸನೆ ಇಲ್ಲಿತ್ತು. ಖುಷಿ ಆಯ್ತು ಕಣ್ರೀ, ಹೇಳ್ಕೊಳೋಕೆ ನಾಚಿಕೆ ಆಗುತ್ತೆ. ಒಂದು ನಿಮಿಷ ಬಿಟ್ಟು ಹೊಳೀತು, ನಾನು ಅಪ್ಪ ಅಂದ್ಕೊಂಡಿದ್ದು ಏನು ಅಂತ.”

ಮೂಗಿನ ಸಾಕ್ಷಿಯನ್ನು ಮಂಡಳಿ ಒಪ್ಪುವುದಿಲ್ಲ. ಒಪ್ಪಬೇಕೆಂದು ಅಕ್ಕನೂ ಕೇಳುವುದಿಲ್ಲ. ಅರವತ್ತೆರಡು ತಮ್ಮ ಅಪ್ಪನ ವಿಮಾನ ಎಂದು ಪರೀಕ್ಷೆ ನಡೆಸುವ ಕಚೇರಿಗೆ ಮೊದಲೇ ಬರೆದುಕೊಟ್ಟಿದ್ದರು. ಪಕ್ಷಪಾತದ ಮಾತು ಬರಬಾರದೆಂದು, ಪ್ರತಿ ಜಾಗದ ಪಕ್ಕದಲ್ಲೇ ಜೊತೆಗಾರ ಇನ್ನೊಂದು ಮಾದರಿ ತೆಗೆಯಬೇಕು, ಪ್ರಯೋಗಾಲಯಕ್ಕೆ ಹೋಗುವ ಸೀಸೆಯ ಮೇಲೆ ಗುರುತಿನ ಸಂಖ್ಯೆ ಬಿಟ್ಟು ಬೇರೇನೂ ಇರಬಾರದು ಎಂದು ಏರ್ಪಾಡಾಯಿತು. ಎಲ್ಲವೂ ಸರಿಯಾಗೇ ಇತ್ತು, ಯಾರ್ಡಿನ ಮೇಸ್ತ್ರಿಯ ಒಳ್ಳೆಯತನವೊಂದು ಅಡ್ಡ ಬರದಿದ್ದರೆ.

ಮೂರು ವಾರದ ಹಿಂದೆ, ಮಾದರಿ ತೆಗೆಯುವ ದಿನ ಬೆಳಗ್ಗೆ ಅಕ್ಕ ಬಂದು ನೋಡಿದರೆ ಅರವತ್ತೆರಡು ಥಳಥಳ ಹೊಳೆಯುತ್ತಿದೆ. ಒಳಗೆ ಸೋಪಿನ ಘಮ. ನೆಲದ ಮೂಲೆಯಲ್ಲಿ ಇನ್ನೂ ನೀರು. ಮೇಸ್ತ್ರಿ ಕೈಕಟ್ಟಿ ನಿಂತು, “ನಿಮ್ಮ ತಂದೆಯವರ ವಿಮಾನ ಅಂತೆ, ಧೂಳಲ್ಲಿ ನಿಮ್ಮನ್ನ ಕೂರಿಸೋದು ಹೇಗಕ್ಕ? ನಾಲ್ಕು ಜನ ಹಿಡಿದು ನಿನ್ನೆ ಎಲ್ಲ ಉಜ್ಜಿದ್ವಿ” ಎಂದರು. ಹದಿನೆಂಟು ವಿಮಾನಕ್ಕೆ ಒಂದು ಬಕೆಟ್ ನೀರು ಸೋಕಿಸದವರು, ಮರ್ಯಾದೆ ಮಾಡಲು ಹೋಗಿ ಈ ಒಂದನ್ನು ತೊಳೆದಿಟ್ಟಿದ್ದರು. ಅಕ್ಕ ಏಣಿಯ ಮೆಟ್ಟಿಲ ಮೇಲೆ ಕೂತರು. ಬೈಯಲಿಲ್ಲ. ಹೇಗೆ ಬೈಯುವುದು ಹೇಳಿ? ಆ ಮನುಷ್ಯನ ಅಂಗೈ ಉಜ್ಜಿ ಉಜ್ಜಿ ಕೆಂಪಗಾಗಿತ್ತು.

ಹದಿನಾಲ್ಕು ಜಾಗವನ್ನೂ ಒರೆಸಿದರು. ಬಟ್ಟೆ ಹೋದ ಹಾಗೇ ಬೆಳ್ಳಗೆ ಹೊರಗೆ ಬರುತ್ತಿತ್ತು. ಏಳೂವರೆ ಹೊತ್ತಿಗೆ ಹೊರಬಂದು, ಅಪ್ಪನ ಜೊತೆ ಹನ್ನೊಂದು ವರ್ಷ ದುಡಿದ ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಅಕ್ಕನಿಗೆ ಅವರು ಚಿಕ್ಕಪ್ಪ. ಈಗ ಲೋಟ ಹಿಡಿಯಲೂ ಎರಡು ಕೈ ಬೇಕು ಅವರಿಗೆ.

“ಚಿಕ್ಕಪ್ಪ, ನೀವು ಯಾವತ್ತೂ ಕ್ಲೀನ್ ಮಾಡದೇ ಇದ್ದ ಜಾಗ ಯಾವ್ದು?”

“ನಿಮ್ಮಪ್ಪ ಇರೋವಾಗ ಅಂಥ ಜಾಗ ಎಲ್ಲಮ್ಮ ಇರುತ್ತೆ? ನಮ್ಮ ಪ್ರಾಣ ತಿಂತಿದ್ದ.” ಆಮೇಲೆ ನೆನಪಿಸಿಕೊಂಡು ಹೇಳಿದರು: “ಎಡಗಡೆ ಮೂರನೇ ಸೀಟಿನ ಕೆಳಗೆ ಹೀಟರ್ ಕೊಳವೆ ಇದೆ ನೋಡು. ಅದಕ್ಕೊಂದು ಮುಚ್ಚಳ. ಒಂದು ತಿರುಪಿನ ತಲೆ ಸವೆದುಹೋಗಿ ಬಿಚ್ಚೋಕೇ ಆಗ್ಲಿಲ್ಲ. ಚಳೀಲಿ ನಾವೆಲ್ಲ ಅದರ ಮುಂದೇನೇ ಕೂರ್ತಿದ್ವಿ, ಬೆಚ್ಚಗೆ ಗಾಳಿ ಬರೋದು.”

ಬೆಚ್ಚಗೆ ಗಾಳಿ ಬರೋದು. ಅಕ್ಕ ಆ ಮಾತನ್ನು ಹಾಗೇ ಬರೆದುಕೊಂಡರು. ನಿಯಮದಂತೆ ಕಚೇರಿಗೆ ಕೇಳಿ, ಹದಿನೈದನೇ ಜಾಗಕ್ಕೆ ಒಪ್ಪಿಗೆ ಪಡೆದು, ಮರುದಿನ ಬೆಳಗ್ಗೆ ಮೇಸ್ತ್ರಿಯನ್ನೇ ಕರೆದರು. ಮೂರು ತಿರುಪು ಬಂದವು. ನಾಲ್ಕನೆಯದರ ತಲೆಯನ್ನು ಕೊರೆದೇ ತೆಗೆಯಬೇಕಾಯಿತು. ಒಳಗೆ ಬೂದುಬಣ್ಣದ ನುಣುಪು ಧೂಳು, ಬೆರಳ ದಪ್ಪ. ಸೋಪಿನ ನೀರು ಅಲ್ಲಿಗೆ ಮುಟ್ಟಿರಲಿಲ್ಲ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು. ಪಕ್ಕದಲ್ಲಿ ಜೊತೆಗಾರನೂ ಅಷ್ಟೇ. “ಹನ್ನೆರಡು ವರ್ಷದಲ್ಲಿ ಅಕ್ಕ ಸೀಸೆಯ ಮುಚ್ಚಳ ಎರಡೆರಡು ಸಲ ಬಿಗಿದದ್ದು ಅವತ್ತೊಂದೇ ದಿನ” ಎಂದು ಆತ ಹೇಳುತ್ತಾನೆ, ಅಕ್ಕನಿಗೆ ಕೇಳಿಸದ ಹಾಗೆ.

ಮಧ್ಯಾಹ್ನ ಎರಡು ಗಂಟೆ. ಯಾರ್ಡಿನ ಮೂಲೆಯ ತಗಡಿನ ಕೋಣೆ, ಒಂದು ಮೇಜು, ಕಿರುಗುಟ್ಟುವ ಫ್ಯಾನು. ಅಕ್ಕನ ಊಟದ ಡಬ್ಬಿ ತೆಗೆದದ್ದು ತೆಗೆದಂತೇ ಇದೆ. ಬಂದ ಹಾಳೆಯನ್ನು ಜೊತೆಗಾರನೇ ಮೊದಲು ಓದುತ್ತಾನೆ. ಹದಿನಾಲ್ಕು ಸಾಲು, ಏನೂ ಇಲ್ಲ. ಹದಿನೈದನೇ ಸಾಲಿನ ಮುಂದೆ ಅಂಕಿ ಇದೆ. ಗಿಡ ಒಣಗಿಸುವುದರದ್ದೂ ಇದೆ, ಸೊಳ್ಳೆ ಕೊಲ್ಲುವುದರದ್ದೂ ಇದೆ. ಮಿತಿಗಿಂತ ಇಪ್ಪತ್ತಾರು ಪಟ್ಟು. ಇಬ್ಬರ ಸೀಸೆಯಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಅಕ್ಕ ಹಾಳೆಯನ್ನು ಎರಡು ಸಲ ಓದಿ, ಚಿಕ್ಕಪ್ಪನಿಗೆ ಫೋನ್ ಹಚ್ಚುತ್ತಾರೆ. ಹದಿನೈದನೇ ಸಾಲನ್ನು ಓದಿ ಹೇಳುತ್ತಾರೆ.

“ಹಾಗಾದ್ರೆ ನಾವು ಸುಳ್ಳು ಹೇಳ್ಲಿಲ್ಲ ಅಂತಾಯ್ತು” ಎನ್ನುತ್ತಾರೆ ಚಿಕ್ಕಪ್ಪ. “ನಿಮ್ಮಪ್ಪನಿಗೂ ಹೇಳ್ಬೇಕಿತ್ತು ಕಣಮ್ಮ.”

“ಹೂಂ ಚಿಕ್ಕಪ್ಪ” ಎಂದು ಅಕ್ಕ ಹಾಳೆಯನ್ನು ಮಡಚಿಡುತ್ತಾರೆ.

ಹಾಳೆಯ ಹಿಂದೆಯೇ ಇನ್ನೊಂದು ಕಾಗದ ಬಂದಿದೆ. ವಿಷ ಸಿಕ್ಕ ವಿಮಾನಕ್ಕೆ ಅವತ್ತೇ ಬೀಗ ಬೀಳಬೇಕು. ಆಮೇಲೆ ಪರೀಕ್ಷಿಸಿದವರೂ ಒಳಗೆ ಹೋಗುವಂತಿಲ್ಲ. ಅದು ಗುಜರಿಗೂ ಹೋಗುವುದಿಲ್ಲ, ಮುಚ್ಚಿದ ಕುಲುಮೆಯಲ್ಲಿ ಕರಗಿ ಮುಗಿಯುತ್ತದೆ. ಏನೂ ಸಿಗದಿದ್ದರೆ ಒಂದು ಆಸೆಯಿತ್ತು ಅಕ್ಕನಿಗೆ: ಚೌಕಟ್ಟು, ಸೀಸೆ ಯಾವುದೂ ಇಲ್ಲದೆ, ಆ ಮೂರನೇ ಸೀಟಿನಲ್ಲಿ ಒಂದು ಗಂಟೆ ಸುಮ್ಮನೆ ಕೂತು ಬರುವುದು. ಅಪ್ಪ ಎಂದು ಕೈಯಿಟ್ಟು ತೋರಿಸಬಹುದಾದ ಜಾಗ ಈ ಲೋಕದಲ್ಲಿ ಅದೊಂದೇ ಉಳಿದಿತ್ತು.

ಮೇಸ್ತ್ರಿ ಬೀಗ ಹಾಕುತ್ತಾರೆ. ಅಕ್ಕ ಬಾಗಿಲಿಗೆ ಕಾಗದ ಅಂಟಿಸಿ, ಏಣಿಯ ಮೇಲೆ ನಿಂತೇ ಸಹಿ ಮಾಡಿ, ದಿನಾಂಕ ಹಾಕಿ ಕೆಳಗಿಳಿಯುತ್ತಾರೆ. ಬೇಜಾರಾಯಿತೇ ಎಂದು ಕೇಳಿದರೆ ಮುಚ್ಚುಮರೆ ಮಾಡುವುದಿಲ್ಲ.

“ಆಯ್ತು. ತುಂಬಾನೇ ಆಯ್ತು. ಆದ್ರೆ ಒಳಗೆ ಯಾರೂ ಹೋಗ್ಬಾರ್ದು ಅಂತ ಸಹಿ ಹಾಕಿರೋಳು ನಾನೇ ಅಲ್ವಾ?” ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾರೆ. “ಅಪ್ಪ ಕೆಲಸಕ್ಕೆ ಸೇರಿದ ದಿನ ಈ ಬಾಗಿಲಿಗೆ ಯಾರಾದ್ರೂ ಇಂಥದೊಂದು ಸಹಿ ಹಾಕಿದ್ದಿದ್ರೆ, ಇವತ್ತು ಸಂಜೆ ನಾನು ಮನೆಗೆ ಹೋದಾಗ ಬಾಗಿಲು ತೆಗೆಯೋಕೆ ಅಪ್ಪ ಇರ್ತಿದ್ರು.”